ಆಟ ಸರಾಗ, ರೆಕಾರ್ಡಿಂಗ್ ಮಾತ್ರ ಜರ್ಕ್: ಕಳೆದುಹೋದ ಫ್ರೇಮ್ ಹುಡುಕುವುದು ಹೇಗೆ?

ಬಾಗಲಕೋಟೆಯ ನವನಗರದಲ್ಲಿ ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಡುವ ಯಾರನ್ನೇ ಕೇಳಿ, ಈ ದೂರು ಅವರಿಗೆ ಬಾಯಿಪಾಠವಾಗಿರುತ್ತದೆ: "ಅಣ್ಣಾ, ಆಡುವಾಗ ಏನೂ ತೊಂದರೆಯಿಲ್ಲ. ರೆಕಾರ್ಡ್ ಮಾಡಿದ ವಿಡಿಯೋ ನೋಡಿದರೆ ಮಾತ್ರ ಜರ್ಕ್ ಹೊಡೆಯುತ್ತದೆ." ಅದರ ಬೆನ್ನಿಗೇ ಎರಡನೆಯ ಪ್ರಶ್ನೆ: "ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೇ?" ಕಾರ್ಡಿನ ಮಾತು ಆಮೇಲೆ, ಮೊದಲು ಫ್ರೇಮ್ ಎಲ್ಲಿ ಕಳೆಯಿತು ಎಂದು ಹುಡುಕೋಣ ಎನ್ನುವುದು ನನ್ನ ಉತ್ತರ.

ಗೇಮ್ ಬಿಡಿಸಿದ ಪ್ರತಿಯೊಂದು ಫ್ರೇಮ್ (ಚಲನೆಯ ಒಂದೊಂದು ಸ್ಥಿರಚಿತ್ರ) ನಿಮ್ಮ ಕಣ್ಣಿಗೆ ವಿಡಿಯೋ ಆಗಿ ಕಾಣುವ ಮುನ್ನ ನಾಲ್ಕು ಕಡೆ ಹಾದು ಬರುತ್ತದೆ. ರೆಕಾರ್ಡಿಂಗ್ ತಂತ್ರಾಂಶ ಅದನ್ನು ಹಿಡಿಯಬೇಕು, ಎನ್‌ಕೋಡರ್ ಅದನ್ನು ಕುಗ್ಗಿಸಬೇಕು, ಡಿಸ್ಕ್ ಅದನ್ನು ಬರೆದುಕೊಳ್ಳಬೇಕು, ಕೊನೆಗೆ ಪ್ಲೇಯರ್ ಅದನ್ನು ಹೊತ್ತಿಗೆ ಸರಿಯಾಗಿ ತೋರಿಸಬೇಕು. ಸೆಕೆಂಡಿಗೆ 60 ಫ್ರೇಮ್‌ಗಳ ರೆಕಾರ್ಡಿಂಗ್ ಎಂದರೆ ಒಂದೊಂದು ಫ್ರೇಮಿಗೆ ಸಿಗುವ ಅವಧಿ 16.67 ಮಿಲಿಸೆಕೆಂಡ್ ಮಾತ್ರ. ನಾಲ್ಕರಲ್ಲಿ ಎಲ್ಲಿ ತಡವಾದರೂ ನೋಡುವವರಿಗೆ ಕಾಣುವುದು ಒಂದೇ ಬಗೆಯ ಜರ್ಕ್. ಪರಿಹಾರ ಮಾತ್ರ ಒಂದೊಂದಕ್ಕೂ ಬೇರೆ. ಯಾವುದೋ ವಿಡಿಯೋ ನೋಡಿ ಹತ್ತು ಸೆಟ್ಟಿಂಗ್‌ಗಳನ್ನು ಒಟ್ಟಿಗೆ ಬದಲಾಯಿಸುವವರು, ಇದ್ದ ಒಂದು ತೊಂದರೆಗೆ ಇನ್ನೆರಡನ್ನು ಸೇರಿಸಿಕೊಂಡು ಬರುತ್ತಾರೆ.

ಇಲ್ಲಿನ ವಿವರಣೆಯೆಲ್ಲ ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರಿಗೆ, ಒಬಿಎಸ್ ಸ್ಟುಡಿಯೋ ಬಳಸುವವರಿಗೆ. ಒಬಿಎಸ್ ಎಂದರೆ ಪರದೆಯ ಮೇಲಿನದನ್ನು ರೆಕಾರ್ಡ್ ಮಾಡುವ ಉಚಿತ, ಮುಕ್ತ ತಂತ್ರಾಂಶ. ಅದಕ್ಕಿಂತ ಮುಖ್ಯವಾಗಿ ತನ್ನೊಳಗೆ ಏನು ಕೆಟ್ಟಿತು ಎಂಬುದನ್ನು ಅಂಕಿಗಳಲ್ಲಿ ಹೇಳುತ್ತದೆ. ಎನ್‌ವಿಡಿಯಾ ಅಥವಾ ಎಎಂಡಿಯ ಸ್ವಂತ ರೆಕಾರ್ಡರ್ ಬಳಸುವವರಿಗೂ ತರ್ಕ ಇದೇ, ಆದರೆ ಆ ರೆಕಾರ್ಡರುಗಳಲ್ಲಿ ಈ ಅಂಕಿಗಳು ಸಿಗುವುದಿಲ್ಲ. ಹಾಗಾಗಿ ರೆಕಾರ್ಡಿಂಗ್‌ಗೆ ಬೇರೆ ಏನನ್ನೇ ಬಳಸುತ್ತಿದ್ದರೂ ರೋಗ ಪತ್ತೆಗೆ ಮಾತ್ರ ಒಮ್ಮೆ ಒಬಿಎಸ್ ಹಾಕಿಕೊಳ್ಳಿ.

## ಮೊದಲ ಹೆಜ್ಜೆ: ಕೆಟ್ಟಿರುವುದು ಫೈಲೋ, ಪ್ಲೇಯರೋ?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ರೆಕಾರ್ಡಿಂಗ್ ಚೆನ್ನಾಗಿಯೇ ಆಗಿದ್ದು, ನೋಡುವ ಕಂಪ್ಯೂಟರ್ ಅಥವಾ ಪ್ಲೇಯರ್ ಮಾತ್ರ ಏದುಸಿರು ಬಿಡುವ ಪ್ರಸಂಗಗಳು ಸಾಕಷ್ಟಿವೆ. ಎಚ್‌ಇವಿಸಿ ಅಥವಾ ಎವಿ1 ಎಂಬ, ವಿಡಿಯೋ ಕುಗ್ಗಿಸುವ ಹೊಸ ಮಾದರಿಯಲ್ಲಿ ಉಳಿಸಿದ ಫೈಲನ್ನು ಹಳೆಯ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಅದು ಮುಗ್ಗರಿಸುವುದು ಸಹಜ. ಗೇಮ್ ಹಿನ್ನೆಲೆಯಲ್ಲಿ ಇನ್ನೂ ತೆರೆದಿರುವಾಗಲೇ ವಿಡಿಯೋ ಹಾಕಿ ನೋಡುವವರೂ ಇದ್ದಾರೆ.

ಫೈಲನ್ನು ವಿಎಲ್‌ಸಿ ಎಂಬ ಉಚಿತ ಪ್ಲೇಯರಿನಲ್ಲಿ ತೆರೆಯಿರಿ. ಕ್ಯಾಮೆರಾ ಒಂದೇ ವೇಗದಲ್ಲಿ ಪಕ್ಕಕ್ಕೆ ಸರಿಯುವ ಅಥವಾ ವಾಹನ ನೇರ ರಸ್ತೆಯಲ್ಲಿ ಓಡುವ ಜಾಗದಲ್ಲಿ ನಿಲ್ಲಿಸಿ, ಕೀಲಿಮಣೆಯ 'ಇ' (E) ಕೀಲಿಯನ್ನು ಒಂದೊಂದಾಗಿ ಒತ್ತುತ್ತಾ ಹೋಗಿ. ಒತ್ತಿದಂತೆಲ್ಲ ವಿಡಿಯೋ ಒಂದೊಂದು ಫ್ರೇಮ್ ಮುಂದೆ ಹೋಗುತ್ತದೆ. ರಸ್ತೆ ಬದಿಯ ಒಂದು ಕಂಬದ ಮೇಲೆ ಕಣ್ಣಿಡಿ. ಪ್ರತಿ ಸಲವೂ ಕಂಬ ಹೆಚ್ಚುಕಡಿಮೆ ಅಷ್ಟೇ ದೂರ ಸರಿದರೆ ಫೈಲ್ ಸರಿಯಿದೆ, ದೋಷ ಪ್ಲೇಯರಿನದು. ಒತ್ತಿದರೂ ಕಂಬ ಅಲುಗಾಡದೆ ನಿಂತು, ಮುಂದಿನ ಸಲ ದೊಡ್ಡ ಜಿಗಿತ ಹಾಕಿದರೆ ಫ್ರೇಮ್ ಕಳೆದಿದೆ, ಅದರ ಜಾಗದಲ್ಲಿ ಹಳೆಯ ಫ್ರೇಮನ್ನೇ ಇನ್ನೊಮ್ಮೆ ತುಂಬಲಾಗಿದೆ. ಮೂರು ಸಲ ಸಮನಾಗಿ ಸರಿದು ನಾಲ್ಕನೆಯ ಸಲ ಎರಡರಷ್ಟು ಹಾರಿದರೆ ಅದು ಬೇರೆಯೇ ಕಥೆ. ಆ ಮಾತು ಮುಂದೆ ಬರುತ್ತದೆ. ಈಗ ಕಂಡದ್ದನ್ನು ನೆನಪಿಡಿ.

ಯೂಟ್ಯೂಬ್‌ಗೆ ಹಾಕಿದ ಮೇಲಷ್ಟೇ ಜರ್ಕ್ ಕಾಣುತ್ತಿದ್ದರೆ ಸ್ವಲ್ಪ ಕಾಯಿರಿ. ಅಪ್‌ಲೋಡ್ ಆದ ತಕ್ಷಣ ಸಿಗುವುದು ಕಡಿಮೆ ಗುಣಮಟ್ಟದ ಆವೃತ್ತಿ. 1080ಪಿ 60 ಫ್ರೇಮ್‌ಗಳ ಆವೃತ್ತಿ ಸಿದ್ಧವಾಗಲು ಹೊತ್ತು ಹಿಡಿಯುತ್ತದೆ. ಎಡಿಟಿಂಗ್ ತಂತ್ರಾಂಶಕ್ಕೆ ಹಾಕಿದ ಮೇಲಷ್ಟೇ ಕೆಡುತ್ತಿದ್ದರೆ, ಅಥವಾ ಧ್ವನಿ ಬರಬರುತ್ತಾ ಚಿತ್ರದಿಂದ ದೂರ ಸರಿಯುತ್ತಿದ್ದರೆ, ನಿಮ್ಮ ರೆಕಾರ್ಡರ್ ಏರಿಳಿಯುವ ಫ್ರೇಮ್‌ರೇಟ್‌ನಲ್ಲಿ ಫೈಲ್ ಬರೆಯುತ್ತಿರಬೇಕು. ಮೊಬೈಲ್‌ನ ಸ್ಕ್ರೀನ್ ರೆಕಾರ್ಡರುಗಳಲ್ಲಿ, ಗ್ರಾಫಿಕ್ಸ್ ಕಾರ್ಡಿನ ಜೊತೆ ಬರುವ ಕೆಲವು ರೆಕಾರ್ಡರುಗಳಲ್ಲಿ ಇದು ಮಾಮೂಲು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್‌ರೇಟ್ 60, 'ಕಾನ್‌ಸ್ಟಂಟ್' ಎಂದು ಆರಿಸಿ ಪರಿವರ್ತಿಸಿಕೊಂಡರೆ ಎಡಿಟರ್ ತಕರಾರು ನಿಲ್ಲಿಸುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಮುಗಿಸೋಣ. ಹುಲ್ಲು, ಹೊಗೆ, ಮಳೆ ಬಂದಾಗ ಚಿತ್ರ ಚೌಕ ಚೌಕವಾಗಿ ಒಡೆದರೆ ಅದು ಜರ್ಕ್ ಅಲ್ಲ, ಬಿಟ್‌ರೇಟ್ (ಒಂದು ಸೆಕೆಂಡಿನ ವಿಡಿಯೋಗೆ ಬಳಸುವ ದತ್ತಾಂಶದ ಪ್ರಮಾಣ) ಸಾಲದು. ಅದಕ್ಕೆ ಬಿಟ್‌ರೇಟ್ ಹೆಚ್ಚಿಸಬೇಕು. ಜರ್ಕ್‌ಗೆ ಬಿಟ್‌ರೇಟ್ ಹೆಚ್ಚಿಸಿ ಪ್ರಯೋಜನವಿಲ್ಲ.

## ಎರಡನೆಯ ಹೆಜ್ಜೆ: ಮೂರು ಅಂಕಿಗಳನ್ನು ಓದುವುದು

ಒಬಿಎಸ್‌ನ ಮೆನುವಿನಲ್ಲಿ 'ಸ್ಟ್ಯಾಟ್ಸ್' ಎಂಬುದನ್ನು ತೆರೆಯಿರಿ. ಆವೃತ್ತಿಗೆ ತಕ್ಕಂತೆ ಅದು 'ವ್ಯೂ' ಅಥವಾ 'ಡಾಕ್ಸ್' ಅಡಿಯಲ್ಲಿರುತ್ತದೆ. ಕಿಟಕಿಯಲ್ಲಿರುವ ರೀಸೆಟ್ ಗುಂಡಿ ಒತ್ತಿ, ಗೇಮ್ ಶುರು ಮಾಡಿ, ನಿಮಗೆ ಹೆಚ್ಚು ಜರ್ಕ್ ಕಾಣುವ ಜಾಗದಲ್ಲೇ ಎರಡು ಮೂರು ನಿಮಿಷ ರೆಕಾರ್ಡ್ ಮಾಡಿ. ಮುಂದೆ ಪ್ರತಿ ಬದಲಾವಣೆಯ ನಂತರವೂ ಅದೇ ಜಾಗ, ಅದೇ ಅವಧಿ. ಒಮ್ಮೆ ಜಿಟಿಎ 5ರ ನಗರದ ನಡುವೆ, ಇನ್ನೊಮ್ಮೆ ಖಾಲಿ ಮರುಭೂಮಿಯಲ್ಲಿ ಪರೀಕ್ಷಿಸಿದರೆ ಹೋಲಿಕೆಗೆ ಅರ್ಥವಿಲ್ಲ.

ಆ ಕಿಟಕಿಯಲ್ಲಿ ನೋಡಬೇಕಾದ ಮೂರು ಸಾಲುಗಳಿವೆ. 'ರೆಂಡರಿಂಗ್ ಲ್ಯಾಗ್'ನಿಂದ ತಪ್ಪಿದ ಫ್ರೇಮ್‌ಗಳು ಏರುತ್ತಿದ್ದರೆ ಗ್ರಾಫಿಕ್ಸ್ ಕಾರ್ಡಿಗೆ ಒಬಿಎಸ್‌ನ ಕಡೆ ನೋಡಲು ಪುರುಸೊತ್ತಿಲ್ಲ ಎಂದರ್ಥ. 'ಎನ್‌ಕೋಡಿಂಗ್ ಲ್ಯಾಗ್'ನಿಂದ ಬಿಟ್ಟುಹೋದ ಫ್ರೇಮ್‌ಗಳು ಏರುತ್ತಿದ್ದರೆ ಹಿಡಿದ ಫ್ರೇಮನ್ನು ಕುಗ್ಗಿಸುವ ಕೆಲಸ ಹಿಂದೆ ಬಿದ್ದಿದೆ. ಮೂರನೆಯದು ನೆಟ್‌ವರ್ಕ್‌ನಲ್ಲಿ ಕೈಬಿಟ್ಟ ಫ್ರೇಮ್‌ಗಳದ್ದು. ಅದು ನೇರಪ್ರಸಾರ ಮಾಡುವವರಿಗೆ ಮಾತ್ರ ಸಂಬಂಧಿಸಿದ್ದು, ಡಿಸ್ಕ್‌ಗೆ ರೆಕಾರ್ಡ್ ಮಾಡುವವರು ಅದರ ಕಡೆ ತಿರುಗಿಯೂ ನೋಡಬೇಕಿಲ್ಲ. ಇಂಟರ್ನೆಟ್ ನಿಧಾನ ಇರುವುದರಿಂದ ರೆಕಾರ್ಡಿಂಗ್ ಜರ್ಕ್ ಹೊಡೆಯುತ್ತದೆ ಎಂದು ನಂಬಿ ದುಬಾರಿ ಫೈಬರ್ ಯೋಜನೆಗೆ ಬದಲಾದವರನ್ನೂ ಕಂಡಿದ್ದೇನೆ.

ಮೊದಲೆರಡು ಅಂಕಿಗಳು ಶೂನ್ಯದ ಆಸುಪಾಸಿನಲ್ಲಿದ್ದೂ ವಿಡಿಯೋ ಜರ್ಕ್ ಹೊಡೆಯುತ್ತಿದ್ದರೆ ನೇರವಾಗಿ ಐದನೆಯ ಹೆಜ್ಜೆಗೆ ಹೋಗಿ.

## ಮೂರನೆಯ ಹೆಜ್ಜೆ: ರೆಂಡರಿಂಗ್ ಲ್ಯಾಗ್ ಇದ್ದರೆ

ಗೇಮ್‌ಗಳಿಗೆ ಮಿತಿ ಎಂಬುದು ಗೊತ್ತಿಲ್ಲ. ಕಡಿವಾಣ ಹಾಕದಿದ್ದರೆ ಕಾರ್ಡಿನ ಶಕ್ತಿಯನ್ನೆಲ್ಲ ತಾವೇ ಬಳಸಿಕೊಂಡು ಸೆಕೆಂಡಿಗೆ 130, 180, 200 ಫ್ರೇಮ್ ಬಿಡಿಸುತ್ತಾ ಹೋಗುತ್ತವೆ. ಒಬಿಎಸ್ ಕೂಡ ತನ್ನ ದೃಶ್ಯ ಜೋಡಿಸಲು ಅದೇ ಕಾರ್ಡನ್ನು ಕೇಳುತ್ತದೆ. ಅದು ಕೇಳುವುದು ಸ್ವಲ್ಪವೇ, ಆದರೆ ಸರಿಯಾದ ಹೊತ್ತಿಗೆ ಸಿಗಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಬಳಕೆ ಸದಾ ಶೇಕಡಾ 97, 99 ಎಂದು ತೋರಿಸುತ್ತಿದ್ದರೆ ಒಬಿಎಸ್‌ಗೆ ಉಳಿದದ್ದು ಏನೂ ಇಲ್ಲ.

ಆದ್ದರಿಂದ ಗೇಮಿನ ಫ್ರೇಮ್‌ರೇಟ್‌ಗೆ ಮಿತಿ ಹಾಕಿ. ವ್ಯಾಲರಂಟ್‌ನಂತಹ ಗೇಮ್‌ಗಳ ವಿಡಿಯೋ ಸೆಟ್ಟಿಂಗ್‌ನಲ್ಲೇ ಆ ಆಯ್ಕೆ ಇದೆ. ಇಲ್ಲದ ಗೇಮ್‌ಗಳಿಗೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ 'ಮ್ಯಾಕ್ಸ್ ಫ್ರೇಮ್ ರೇಟ್', ಅಥವಾ ಯಾವ ಕಾರ್ಡಿಗೂ ಒಗ್ಗುವ ರಿವಾಟ್ಯೂನರ್ ಎಂಬ ತಂತ್ರಾಂಶ ಇದೆ. ಮಿತಿ ಹಾಕಿದ ಮೇಲೆ ಜಿಪಿಯು ಬಳಕೆ ಶೇಕಡಾ 85ರಿಂದ 90ರೊಳಗೆ ಬರಬೇಕು. 60 ಫ್ರೇಮಿಗೆ ಮಿತಿ ಹಾಕಿದರೂ ಬಳಕೆ ಶೇಕಡಾ 99ರಲ್ಲೇ ನಿಂತಿದ್ದರೆ ಗೇಮಿನ ಗ್ರಾಫಿಕ್ಸ್ ಇಳಿಸುವುದು ಅನಿವಾರ್ಯ. ಎಲ್ಲವನ್ನೂ 'ಲೋ'ಗೆ ತಳ್ಳಬೇಡಿ; ನೆರಳು, ಪ್ರತಿಬಿಂಬ ಮತ್ತು ಆಂಟಿ-ಅಲಿಯಾಸಿಂಗ್ (ಅಂಚುಗಳನ್ನು ನಯಗೊಳಿಸುವುದು) ಈ ಮೂರನ್ನು ಒಂದೊಂದು ಮೆಟ್ಟಿಲು ಇಳಿಸಿದರೆ ಬಹಳಷ್ಟು ಸಲ ಸಾಕಾಗುತ್ತದೆ.

ಎರಡನೆಯ ಉಪಾಯಕ್ಕೆ ಖರ್ಚೂ ಇಲ್ಲ, ಶ್ರಮವೂ ಇಲ್ಲ. ಒಬಿಎಸ್‌ನ ಐಕಾನ್ ಮೇಲೆ ಬಲ ಗುಂಡಿ ಒತ್ತಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆರಿಸಿ, ವಿಂಡೋಸ್‌ನ ಗೇಮ್ ಮೋಡ್ ಚಾಲೂ ಇಡಿ. ಹಾಗೆ ತೆರೆದಾಗ ಗ್ರಾಫಿಕ್ಸ್ ಕಾರ್ಡಿನ ಸರದಿಯಲ್ಲಿ ಒಬಿಎಸ್‌ಗೆ ಆದ್ಯತೆ ಸಿಗುತ್ತದೆ. ಇದೊಂದರಿಂದಲೇ ಅಂಕಿ ಶೂನ್ಯಕ್ಕೆ ಇಳಿಯುವುದುಂಟು.

ಆಮೇಲೆ ನಿಮ್ಮ ದೃಶ್ಯವನ್ನೊಮ್ಮೆ ನೋಡಿಕೊಳ್ಳಿ. ಗೇಮ್ ಹಿಡಿಯಲು 'ಡಿಸ್‌ಪ್ಲೇ ಕ್ಯಾಪ್ಚರ್' ಬಳಸುತ್ತಿದ್ದರೆ ಅದನ್ನು ತೆಗೆದು 'ಗೇಮ್ ಕ್ಯಾಪ್ಚರ್' ಹಾಕಿ. ಕುಣಿಯುವ ಅಕ್ಷರಗಳು, ಚಾಟ್ ಪೆಟ್ಟಿಗೆ, ಮಿನುಗುವ ಚೌಕಟ್ಟು ಇವೆಲ್ಲ ಬ್ರೌಸರ್ ಸೋರ್ಸ್‌ಗಳು. ಒಂದೊಂದೂ ಮರೆಯಲ್ಲಿ ತೆರೆದಿಟ್ಟ ಒಂದು ವೆಬ್ ಪುಟವೇ. ರೆಕಾರ್ಡಿಂಗ್‌ಗೆ ಅವು ಬೇಕಿಲ್ಲ.

ಒಂದೇ ಆಟವನ್ನು ಇಬ್ಬರು ಮೂವರು ರೆಕಾರ್ಡ್ ಮಾಡುತ್ತಿಲ್ಲವೇ ಎಂಬುದನ್ನೂ ಪರೀಕ್ಷಿಸಿ. ಎಕ್ಸ್‌ಬಾಕ್ಸ್ ಗೇಮ್ ಬಾರ್‌ನ ಹಿನ್ನೆಲೆ ರೆಕಾರ್ಡಿಂಗ್, ಎನ್‌ವಿಡಿಯಾ ಅಥವಾ ಎಎಂಡಿಯ 'ಇನ್‌ಸ್ಟಂಟ್ ರೀಪ್ಲೇ', ಅದರ ಮೇಲೆ ಒಬಿಎಸ್: ಮೂರೂ ಒಟ್ಟಿಗೆ ಓಡುತ್ತಿರುವ ಕಂಪ್ಯೂಟರುಗಳು ಅಪರೂಪವಲ್ಲ. ಒಂದನ್ನು ಉಳಿಸಿ ಮಿಕ್ಕವನ್ನು ಆಫ್ ಮಾಡಿ.

## ನಾಲ್ಕನೆಯ ಹೆಜ್ಜೆ: ಎನ್‌ಕೋಡಿಂಗ್ ಲ್ಯಾಗ್ ಇದ್ದರೆ

ಮುಧೋಳ, ಜಮಖಂಡಿ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಗೇಟಿಗೆ ಕಬ್ಬಿನ ಟ್ರ್ಯಾಕ್ಟರುಗಳು ಬರುವ ವೇಗಕ್ಕಿಂತ ಕಬ್ಬು ಅರೆಯುವ ವೇಗ ಕಡಿಮೆಯಾದರೆ ಸಾಲು ಬೆಳೆಯುತ್ತದೆ. ಎನ್‌ಕೋಡರ್ ಮುಂದೆಯೂ ಹೀಗೆಯೇ ಸಾಲು ಬೆಳೆಯುತ್ತದೆ. ಆದರೆ ಫ್ರೇಮ್‌ಗಳು ರಸ್ತೆ ಬದಿಯಲ್ಲಿ ರಾತ್ರಿಯಿಡೀ ಕಾಯುವುದಿಲ್ಲ. ಸಾಲಿನ ಜಾಗ ತುಂಬಿತೆಂದರೆ ಒಬಿಎಸ್ ಮುಂದಿನ ಫ್ರೇಮನ್ನು ಎಸೆದುಬಿಡುತ್ತದೆ.

ಈ ಅರೆಯುವ ಕೆಲಸವನ್ನು ಎರಡು ಕಡೆ ಮಾಡಿಸಬಹುದು. ಎಕ್ಸ್264 ಎಂಬ ಎನ್‌ಕೋಡರ್ ಆಯ್ದುಕೊಂಡರೆ ಪ್ರೊಸೆಸರ್ ಮಾಡುತ್ತದೆ. ಅದೇ ಹೊತ್ತಿಗೆ ಗೇಮ್ ಕೂಡ ಪ್ರೊಸೆಸರನ್ನೇ ಎಳೆಯುತ್ತಿರುತ್ತದೆ. ಇನ್ನೊಂದು, ಅದಕ್ಕೆಂದೇ ಚಿಪ್‌ನೊಳಗೆ ಕೂರಿಸಿದ ಪ್ರತ್ಯೇಕ ಘಟಕ. ಎನ್‌ವಿಡಿಯಾದಲ್ಲಿ ಅದರ ಹೆಸರು ಎನ್‌ವೆಂಕ್, 2012ರ ಜಿಟಿಎಕ್ಸ್ 600 ಸರಣಿಯಿಂದ ಇದೆ. ಇಂಟೆಲ್‌ನಲ್ಲಿ ಕ್ವಿಕ್ ಸಿಂಕ್, 2011ರಿಂದ. ಎಎಂಡಿಯ ಘಟಕ ಒಬಿಎಸ್‌ನ ಪಟ್ಟಿಯಲ್ಲಿ ಎಎಂಡಿ ಹೆಸರಿನಲ್ಲೇ ಕಾಣುತ್ತದೆ. ನಾಲ್ಕು ಅಥವಾ ಆರು ಕೋರಿನ ಪ್ರೊಸೆಸರ್ ಇರುವವರು ಎಕ್ಸ್264 ಕೈಬಿಟ್ಟು ಈ ಘಟಕವನ್ನೇ ನೆಚ್ಚಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಬಿಎಸ್‌ನ ಸೆಟ್ಟಿಂಗ್ಸ್, ಔಟ್‌ಪುಟ್, ಅಡ್ವಾನ್ಸ್ಡ್, ರೆಕಾರ್ಡಿಂಗ್ ವಿಭಾಗದಲ್ಲಿ 'ವಿಡಿಯೋ ಎನ್‌ಕೋಡರ್' ಎಂಬಲ್ಲಿ ಇದನ್ನು ಬದಲಾಯಿಸಬಹುದು.

ಪಟ್ಟಿಯಲ್ಲಿ ಎಕ್ಸ್264 ಬಿಟ್ಟು ಬೇರೇನೂ ಕಾಣದಿದ್ದರೆ ಬಹುತೇಕ ನಿಮ್ಮ ಯಂತ್ರಾಂಶದಲ್ಲಿ ಆ ಘಟಕ ಇಲ್ಲ. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ಇಲ್ಲಿ ಎಚ್ಚರ ವಹಿಸಬೇಕು. ಜಿಟಿ 1030ರಲ್ಲಿ ಎನ್‌ವೆಂಕ್ ಇಲ್ಲ. ಲ್ಯಾಪ್‌ಟಾಪ್‌ಗಳ ಎಂಎಕ್ಸ್ ಸರಣಿಯ ಚಿಪ್‌ಗಳಲ್ಲೂ ಅದನ್ನು ನಿರೀಕ್ಷಿಸಬೇಡಿ. ಎಎಂಡಿಯ ಆರ್‌ಎಕ್ಸ್ 6400 ಮತ್ತು ಆರ್‌ಎಕ್ಸ್ 6500 ಎಕ್ಸ್‌ಟಿ ಆಟಕ್ಕೆ ಪರವಾಗಿಲ್ಲ, ಆದರೆ ಎನ್‌ಕೋಡರ್ ಎಂಬುದೇ ಅವುಗಳಲ್ಲಿಲ್ಲ. ಇಂತಹ ಕಾರ್ಡಿನ ಜೊತೆಗೆ ಹೆಸರಿನ ಕೊನೆಗೆ 'ಎಫ್' ಇರುವ ಇಂಟೆಲ್ ಪ್ರೊಸೆಸರ್, ಉದಾಹರಣೆಗೆ ಐ3-10100ಎಫ್ ಅಥವಾ ಐ5-12400ಎಫ್, ಜೋಡಿಸಿಕೊಂಡಿದ್ದರೆ ಎರಡೂ ಬಾಗಿಲು ಮುಚ್ಚಿದಂತೆ. ಏಕೆಂದರೆ 'ಎಫ್' ಚಿಪ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಹಾಗಾಗಿ ಕ್ವಿಕ್ ಸಿಂಕ್ ಕೂಡ ಇಲ್ಲ. ಸಾವಿರ ರೂಪಾಯಿ ಉಳಿಸಲು ಕೊಂಡ 'ಎಫ್' ಚಿಪ್ ರೆಕಾರ್ಡಿಂಗ್ ಮಾಡುವವರಿಗೆ ಹೀಗೆ ದುಬಾರಿಯಾಗುತ್ತದೆ.

'ಎಫ್' ಇಲ್ಲದ ಇಂಟೆಲ್ ಪ್ರೊಸೆಸರ್ ಇದ್ದೂ ಕ್ವಿಕ್ ಸಿಂಕ್ ಕಾಣುತ್ತಿಲ್ಲವೇ? ಬೇರೆ ಕಾರ್ಡ್ ಹಾಕಿದಾಗ ಮದರ್‌ಬೋರ್ಡ್, ಪ್ರೊಸೆಸರಿನ ಒಳಗಿನ ಗ್ರಾಫಿಕ್ಸನ್ನು ಆಫ್ ಮಾಡಿಬಿಟ್ಟಿರಬಹುದು. ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪರದೆ) ಹೋಗಿ ಇಂಟಿಗ್ರೇಟೆಡ್ ಗ್ರಾಫಿಕ್ಸ್ ಅಥವಾ 'ಮಲ್ಟಿ-ಮಾನಿಟರ್' ಎಂಬುದನ್ನು ಚಾಲೂ ಮಾಡಿ, ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಿ. ಮಾನಿಟರಿನ ಕೇಬಲ್ ಕಾರ್ಡಿನಲ್ಲೇ ಇರಲಿ. ಆಗ ಆಟದ ಭಾರ ಕಾರ್ಡಿನ ಮೇಲೆ, ಎನ್‌ಕೋಡಿಂಗ್ ಭಾರ ಇಂಟೆಲ್‌ನ ಮೇಲೆ; ದುರ್ಬಲ ಕಾರ್ಡ್ ಇರುವವರಿಗೆ ಇದು ವರದಾನ.

ಎಕ್ಸ್264 ಬಿಟ್ಟರೆ ಗತಿಯೇ ಇಲ್ಲ ಎನ್ನುವವರಿಗೆ: 'ಪ್ರೀಸೆಟ್' ಎಂಬಲ್ಲಿ 'ವೆರಿಫಾಸ್ಟ್' ಇರುತ್ತದೆ, ಅದನ್ನು 'ಸೂಪರ್‌ಫಾಸ್ಟ್' ಅಥವಾ 'ಅಲ್ಟ್ರಾಫಾಸ್ಟ್' ಮಾಡಿ. "ನನ್ನದು ಸ್ಲೋ ಕಂಪ್ಯೂಟರ್, ಆದ್ದರಿಂದ 'ಸ್ಲೋ' ಆರಿಸಿದೆ" ಎನ್ನುವವರು ಸಿಗುತ್ತಾರೆ. ಲೆಕ್ಕ ತಲೆಕೆಳಗು: 'ಸ್ಲೋ' ಎಂದರೆ ಪ್ರೊಸೆಸರ್ ಹೆಚ್ಚು ದುಡಿಯಬೇಕು ಎಂದರ್ಥ. ಅದೂ ಸಾಲದಿದ್ದರೆ ವಿಡಿಯೋ ವಿಭಾಗದಲ್ಲಿ ಔಟ್‌ಪುಟ್ ಗಾತ್ರವನ್ನು 1920×1080ರಿಂದ 1280×720ಕ್ಕೆ ಇಳಿಸಿ. ಪಿಕ್ಸೆಲ್‌ಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ನಯವಾದ 720ಪಿ, ಜರ್ಕ್ ಹೊಡೆಯುವ 1080ಪಿಗಿಂತ ಯಾವತ್ತೂ ಮೇಲು.

ಎನ್‌ವೆಂಕ್ ಬಳಸುತ್ತಿದ್ದೂ ಎನ್‌ಕೋಡಿಂಗ್ ಲ್ಯಾಗ್ ಬರುತ್ತಿದ್ದರೆ ಪ್ರೀಸೆಟ್ ಅನ್ನು ಪಿ5ರಿಂದ ಪಿ4 ಅಥವಾ ಪಿ3ಕ್ಕೆ ತನ್ನಿ, 'ಮಲ್ಟಿಪಾಸ್' ತೆಗೆಯಿರಿ, 'ಲುಕ್-ಅಹೆಡ್' ಗುರುತನ್ನು ಅಳಿಸಿ. ಲುಕ್-ಅಹೆಡ್ ಕೆಲಸಕ್ಕೆ ಆ ಪ್ರತ್ಯೇಕ ಘಟಕ ಸಾಲದೆ, ಗೇಮ್ ಬಳಸುವ ಕೋರ್‌ಗಳನ್ನೇ ಅದು ಕಡ ಕೇಳುತ್ತದೆ.

## ಐದನೆಯ ಹೆಜ್ಜೆ: ಅಂಕಿಗಳೆಲ್ಲ ಶೂನ್ಯ, ಆದರೂ ಜರ್ಕ್

ಹೆಚ್ಚು ಜನ ತಲೆ ಕೆಡಿಸಿಕೊಳ್ಳುವುದು ಇಲ್ಲಿ. ಒಂದು ಫ್ರೇಮ್ ಕೂಡ ಕಳೆದಿಲ್ಲ ಎಂದು ಒಬಿಎಸ್ ಹೇಳುತ್ತದೆ, ಕಣ್ಣು ಒಪ್ಪುವುದಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಕಡಿಮೆ ಬೆಲೆಯ ಹಲವು ಮಾನಿಟರುಗಳು 75 ಹರ್ಟ್ಸ್‌ನವು, ಅಂದರೆ ಪರದೆ ಸೆಕೆಂಡಿಗೆ 75 ಸಲ ಬದಲಾಗುತ್ತದೆ. ಗೇಮ್ ಸೆಕೆಂಡಿಗೆ 75 ಫ್ರೇಮ್ ಬಿಡಿಸುತ್ತದೆ, ಒಬಿಎಸ್ 60 ಹಿಡಿಯುತ್ತದೆ ಎನ್ನಿ. ಗೇಮಿನ ಪ್ರತಿ ಐದು ಫ್ರೇಮ್‌ಗಳಲ್ಲಿ ನಾಲ್ಕು ಮಾತ್ರ ವಿಡಿಯೋಗೆ ಬರುತ್ತವೆ. ಬಿಟ್ಟುಹೋದ ಐದನೆಯದರ ಜಾಗದಲ್ಲಿ ಚಲನೆ ಎರಡರಷ್ಟು ಹಾರುತ್ತದೆ. ವಿಎಲ್‌ಸಿಯಲ್ಲಿ 'ಇ' ಒತ್ತುತ್ತಾ ಹೋದಾಗ ಕಂಬ ಸಮ, ಸಮ, ಸಮ, ಆಮೇಲೆ ದೊಡ್ಡ ಹೆಜ್ಜೆ ಹಾಕಿದ್ದು ಇದಕ್ಕೇ. ಸೆಕೆಂಡಿಗೆ 15 ಸಲ ಹೀಗಾಗುತ್ತದೆ. ನಿಧಾನವಾಗಿ ಕ್ಯಾಮೆರಾ ತಿರುಗಿಸುವಾಗ ಇದು ನಡುಕದಂತೆ ಕಾಣುತ್ತದೆ. 144 ಹರ್ಟ್ಸ್ ಮಾನಿಟರಿನಲ್ಲೂ ಲೆಕ್ಕ ಸರಿಹೋಗುವುದಿಲ್ಲ: 144ನ್ನು 60ರಿಂದ ಭಾಗಿಸಿದರೆ 2.4. ಚಲನೆ 2, 2, 3, 2, 3 ಹೆಜ್ಜೆಗಳಲ್ಲಿ ಕುಂಟುತ್ತದೆ. ಹೆಜ್ಜೆಗಳು ಚಿಕ್ಕವಾದ್ದರಿಂದ 75ರಷ್ಟು ಕಣ್ಣಿಗೆ ಹೊಡೆಯುವುದಿಲ್ಲ, ಅಷ್ಟೇ.

ಪರಿಹಾರವೆಂದರೆ ಗೇಮಿನ ಫ್ರೇಮ್‌ರೇಟ್ ರೆಕಾರ್ಡಿಂಗ್‌ನ ಫ್ರೇಮ್‌ರೇಟ್‌ನಿಂದ ಶೇಷವಿಲ್ಲದೆ ಭಾಗವಾಗಬೇಕು. 75 ಹರ್ಟ್ಸ್ ಮಾನಿಟರ್ ಇದ್ದರೆ ಗೇಮನ್ನು 60ಕ್ಕೆ ಕಟ್ಟಿ. 144 ಇದ್ದರೆ 120ಕ್ಕೆ ಕಟ್ಟಿ. ಆಗ ಒಂದು ಬಿಟ್ಟು ಒಂದರಂತೆ ಫ್ರೇಮ್ ಸಿಗುತ್ತದೆ. 120 ತಲುಪಲಾಗದ ಕಾರ್ಡ್ ಇದ್ದರೆ 60ಕ್ಕೇ ಕಟ್ಟಿ. ಗೇಮ್ 90ರಲ್ಲೇ ಓಡಬೇಕು ಎಂದರೆ ರೆಕಾರ್ಡಿಂಗನ್ನು 30ಕ್ಕೆ ಇಡಿ. ಮಿತಿ ಹಾಕಿದ ಸಂಖ್ಯೆ ಸದಾ ನಿಲ್ಲಬೇಕು ಎಂಬುದು ಮುಖ್ಯ. 120ಕ್ಕೆ ಕಟ್ಟಿ 85ಕ್ಕೂ 120ಕ್ಕೂ ನಡುವೆ ಓಲಾಡಿದರೆ ಕಟ್ಟಿದ್ದೂ ಒಂದೇ, ಬಿಟ್ಟದ್ದೂ ಒಂದೇ.

ಹಾಗಾದರೆ ಆಡುವಾಗ ಏಕೆ ನಯವಾಗಿ ಕಾಣುತ್ತದೆ? ಫ್ರೀಸಿಂಕ್ ಅಥವಾ ಜಿ-ಸಿಂಕ್ ಇರುವ ಮಾನಿಟರ್ ಗೇಮಿನ ಫ್ರೇಮ್ ಬರುವವರೆಗೆ ಕಾದು ಆಮೇಲೆ ಪರದೆ ಬದಲಾಯಿಸುತ್ತದೆ. ಗೇಮ್ ಒಮ್ಮೆ 52, ಒಮ್ಮೆ 68 ಆದರೂ ನಿಮಗೆ ಗೊತ್ತಾಗದಂತೆ ಮುಚ್ಚಿಹಾಕುತ್ತದೆ. ವಿಡಿಯೋ ಫೈಲಿಗೆ ಆ ಸೌಜನ್ಯ ಇಲ್ಲ. ಅದು ಗಡಿಯಾರ ನೋಡಿಕೊಂಡು 16.67 ಮಿಲಿಸೆಕೆಂಡಿಗೊಮ್ಮೆ ಕೈಗೆ ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತದೆ. ಮಾನಿಟರ್ ಮರೆಮಾಚಿದ ಏರಿಳಿತವೆಲ್ಲ ವಿಡಿಯೋದಲ್ಲಿ ಬಯಲಾಗುತ್ತದೆ. ಒಮ್ಮೆ ಫ್ರೀಸಿಂಕ್ ಆಫ್ ಮಾಡಿ ಆಡಿ ನೋಡಿ. ವಿಡಿಯೋದಲ್ಲಿ ಕಂಡ ಜರ್ಕ್ ಆಟದಲ್ಲೇ ಕಂಡರೆ ರೆಕಾರ್ಡಿಂಗ್ ನಿರಪರಾಧಿ.

## ಡಿಸ್ಕ್, ರ‍್ಯಾಮ್

ಡಿಸ್ಕನ್ನು ಜನ ಅಗತ್ಯಕ್ಕಿಂತ ಹೆಚ್ಚು ದೂರುತ್ತಾರೆ. 40 ಮೆಗಾಬಿಟ್ ಬಿಟ್‌ರೇಟ್ ಎಂದರೆ ಸೆಕೆಂಡಿಗೆ 5 ಮೆಗಾಬೈಟ್, ಗಂಟೆಗೆ 18 ಗಿಗಾಬೈಟ್. ಸೆಕೆಂಡಿಗೆ 5 ಮೆಗಾಬೈಟ್ ಬರೆಯಲು ಹಳೆಯ ಹಾರ್ಡ್‌ಡಿಸ್ಕಿಗೂ ಕಷ್ಟವಿಲ್ಲ. ತೊಂದರೆ ಬರುವುದು ವಿಂಡೋಸ್, ಗೇಮ್, ರೆಕಾರ್ಡಿಂಗ್ ಮೂರೂ ಒಂದೇ ಹಾರ್ಡ್‌ಡಿಸ್ಕಿನಲ್ಲಿದ್ದಾಗ. ಗೇಮ್ ಹೊಸ ಪ್ರದೇಶ ಲೋಡ್ ಮಾಡುವ ಕ್ಷಣಕ್ಕೆ ಸರಿಯಾಗಿ ವಿಡಿಯೋ ನಿಂತರೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆ 100ಕ್ಕೆ ಅಂಟಿಕೊಂಡಿದ್ದರೆ, ರೆಕಾರ್ಡಿಂಗ್ ಫೋಲ್ಡರನ್ನು ಬೇರೆ ಡಿಸ್ಕಿಗೆ ಒಯ್ಯಿರಿ. ಪೆನ್‌ಡ್ರೈವ್ ಬೇಡ. ಇಂಟರ್ನೆಟ್ ಸಂಗ್ರಹಕ್ಕೆ ತಾನಾಗಿ ಸಿಂಕ್ ಆಗುವ ಫೋಲ್ಡರ್ ಕೂಡ ಬೇಡ. ಬರೆಯುತ್ತಿರುವ ಫೈಲನ್ನು ಇನ್ನೊಂದು ತಂತ್ರಾಂಶ ಕೆದಕುತ್ತಿರುವುದು ಒಳ್ಳೆಯದಲ್ಲ.

ರ‍್ಯಾಮ್ ವಿಷಯದಲ್ಲಿ ಗಾತ್ರದಷ್ಟೇ ಜೋಡಣೆಯೂ ಮುಖ್ಯ. 8 ಜಿಬಿಯ ಒಂದೇ ಕಡ್ಡಿ ಇರುವ ಕಂಪ್ಯೂಟರಿನಲ್ಲಿ ಡಿಡಿಆರ್4-3200 ಸೆಕೆಂಡಿಗೆ 25.6 ಗಿಗಾಬೈಟ್ ಸಾಗಿಸಬಲ್ಲದು. ಎರಡು ಕಡ್ಡಿ ಸರಿಯಾದ ಸ್ಲಾಟಿನಲ್ಲಿದ್ದರೆ 51.2. ರೈಜೆನ್ 5 5600ಜಿ ತರಹದ, ಪ್ರತ್ಯೇಕ ಕಾರ್ಡಿಲ್ಲದೆ ಒಳಗಿನ ಗ್ರಾಫಿಕ್ಸ್ ಮೇಲೆ ಆಡುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ, ಏಕೆಂದರೆ ಅಲ್ಲಿ ಗ್ರಾಫಿಕ್ಸ್‌ಗೂ ಅದೇ ರ‍್ಯಾಮ್ ಆಸರೆ.

## ಏಪ್ರಿಲ್, ಮೇ ತಿಂಗಳ ಕಾಯಿಲೆ

ಮೊದಲ ಹತ್ತು ನಿಮಿಷ ರೆಕಾರ್ಡಿಂಗ್ ಚೆನ್ನಾಗಿದ್ದು ಆಮೇಲೆ ಕೆಡುತ್ತದೆಯೇ? ಡಿಸೆಂಬರ್‌ನಲ್ಲಿ ಇಲ್ಲದ ಜರ್ಕ್ ಬೇಸಿಗೆಯಲ್ಲಿ ಶುರುವಾಯಿತೇ? ಹಾಗಿದ್ದರೆ ಸೆಟ್ಟಿಂಗ್‌ಗಳನ್ನು ಮುಟ್ಟಬೇಡಿ, ಶಾಖ ನೋಡಿ. ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್-ಮೇ ಬಂತೆಂದರೆ ಪಾದರಸ 40 ಡಿಗ್ರಿ ಮುಟ್ಟುತ್ತದೆ. ಕೋಣೆಯ ಗಾಳಿಯೇ 40 ಡಿಗ್ರಿ ಇದ್ದಾಗ ಚಿಪ್ ಅದಕ್ಕಿಂತ ತಣ್ಣಗಾಗಲು ಸಾಧ್ಯವೇ ಇಲ್ಲ; ಚಳಿಗಾಲಕ್ಕಿಂತ ಗಾಳಿ 15 ಡಿಗ್ರಿ ಹೆಚ್ಚಿದ್ದರೆ ಚಿಪ್‌ನ ಶಾಖವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಈಗಿನ ಬಹುತೇಕ ಪ್ರೊಸೆಸರುಗಳು 95ರಿಂದ 100 ಡಿಗ್ರಿಯ ಹತ್ತಿರ ಬಂದಾಗ ತಮ್ಮನ್ನು ತಾವು ಉಳಿಸಿಕೊಳ್ಳಲು ವೇಗ ಇಳಿಸುತ್ತವೆ. ಆಟ ಹೇಗೋ ಸಾಗುತ್ತದೆ, ಮೊದಲು ಪೆಟ್ಟು ತಿನ್ನುವುದು ರೆಕಾರ್ಡಿಂಗ್. ಬೆಳಗಾವಿಯ ತಂಪಿನಲ್ಲಿ ಆಡುವ ಗೆಳೆಯನಿಗೆ ಅದೇ ಕಂಪ್ಯೂಟರಿನಲ್ಲಿ ಈ ತೊಂದರೆ ಕಾಣದಿದ್ದರೆ ಆಶ್ಚರ್ಯವಿಲ್ಲ.

ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದಿಟ್ಟು ಅರ್ಧ ಗಂಟೆ ಆಡಿ, ಗರಿಷ್ಠ ಶಾಖದ ಕಂಬಸಾಲನ್ನು ನೋಡಿ. ಮಿತಿ ಮುಟ್ಟಿದ್ದರೆ ಪೆಟ್ಟಿಗೆ ಬಿಚ್ಚಿ ಧೂಳು ತೆಗೆಯಿರಿ. ನಮ್ಮ ಕಡೆಯ ಧೂಳು ಸಣ್ಣದು. ಎರೆಮಣ್ಣಿನ ಪುಡಿ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತದೆ, ಮೇಲಿನಿಂದ ನೋಡಿದರೆ ಕಾಣುವುದೂ ಇಲ್ಲ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ. ಗಾಳಿಯ ರಭಸಕ್ಕೆ ಫ್ಯಾನ್ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಹಳೆಯ ಯಂತ್ರವಾದರೆ ಪ್ರೊಸೆಸರಿನ ಥರ್ಮಲ್ ಪೇಸ್ಟ್ ಬದಲಿಸಿ. ಕಂಪ್ಯೂಟರನ್ನು ಮೇಜಿನ ಕೆಳಗಿನ ಮುಚ್ಚಿದ ಖಾನೆಯಿಂದ ಹೊರಗೆ ತರುವುದೂ ಚಿಕಿತ್ಸೆಯೇ.

ಲ್ಯಾಪ್‌ಟಾಪ್‌ನವರು ಚಾರ್ಜರ್ ಹಾಕಿಯೇ ರೆಕಾರ್ಡ್ ಮಾಡಿ. ಬ್ಯಾಟರಿ ಮೇಲೆ ಚಿಪ್‌ಗಳ ವೇಗ ಕಡಿಮೆ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಒಂದರ ಮೇಲೆ, ಒಬಿಎಸ್ ಇನ್ನೊಂದರ ಮೇಲೆ ಓಡಿದರೆ ಪ್ರತಿ ಫ್ರೇಮ್ ಅಲ್ಲಿಂದಿಲ್ಲಿಗೆ ನಕಲಾಗಬೇಕು. ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ, ಗ್ರಾಫಿಕ್ಸ್ ವಿಭಾಗದಲ್ಲಿ ಎರಡನ್ನೂ 'ಹೈ ಪರ್ಫಾರ್ಮೆನ್ಸ್' ಮಾಡಿ, ಗೇಮ್ ಕ್ಯಾಪ್ಚರ್ ಬಳಸಿ.

## ಶುರು ಮಾಡಲು ಒಂದು ಸೆಟ್ಟಿಂಗ್

ಮಧ್ಯಮ ದರ್ಜೆಯ ಕಂಪ್ಯೂಟರಿಗೆ ನಾನು ಹಾಕಿಕೊಡುವುದು ಇಷ್ಟು: 1080ಪಿ, 60 ಫ್ರೇಮ್, ಎನ್‌ವೆಂಕ್ ಎಚ್.264, ರೇಟ್ ಕಂಟ್ರೋಲ್ ಸಿಕ್ಯೂಪಿ, ಮೌಲ್ಯ 20, ಪ್ರೀಸೆಟ್ ಪಿ4, ಮಲ್ಟಿಪಾಸ್, ಲುಕ್-ಅಹೆಡ್ ಎರಡೂ ಇಲ್ಲ, ಧ್ವನಿ 48 ಕಿಲೋಹರ್ಟ್ಸ್, ವಿಂಡೋಸ್‌ನಲ್ಲೂ ಅದೇ. ಸಿಕ್ಯೂಪಿಯಲ್ಲಿ ಸಂಖ್ಯೆ ಇಳಿದಷ್ಟೂ ಗುಣಮಟ್ಟ ಏರುತ್ತದೆ, ಫೈಲ್ ಉಬ್ಬುತ್ತದೆ. 23ರವರೆಗೆ ಏರಿಸಿದರೂ ಯೂಟ್ಯೂಬ್ ನೋಡುಗರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. 1080ಪಿ 60 ಫ್ರೇಮ್‌ಗಳ ಅಪ್‌ಲೋಡ್‌ಗೆ ಯೂಟ್ಯೂಬ್ ಸೂಚಿಸುವುದೇ 12 ಮೆಗಾಬಿಟ್.

ಫೈಲ್ ಮಾದರಿ ಎಂಕೆವಿ ಇರಲಿ. ಸಾಮಾನ್ಯ ಎಂಪಿ4 ಫೈಲಿನ ಒಳಪಟ್ಟಿ ಬರೆಯಲಾಗುವುದು ರೆಕಾರ್ಡಿಂಗ್ ನಿಲ್ಲಿಸಿದಾಗ. ನಡುವೆ ಕರೆಂಟ್ ಹೋದರೆ ಎರಡು ಗಂಟೆಯ ಆಟ ತೆರೆಯಲಾಗದ ಫೈಲಾಗಿ ಉಳಿಯುತ್ತದೆ. ಎಂಕೆವಿ ಆದರೆ ಕರೆಂಟ್ ಹೋದ ಕ್ಷಣದವರೆಗಿನದು ಸಿಗುತ್ತದೆ. ಎಡಿಟರ್ ಎಂಕೆವಿ ಒಪ್ಪದಿದ್ದರೆ ಒಬಿಎಸ್‌ನ ಫೈಲ್ ಮೆನುವಿನ 'ರೀಮಕ್ಸ್ ರೆಕಾರ್ಡಿಂಗ್ಸ್' ಕೆಲವೇ ಕ್ಷಣಗಳಲ್ಲಿ ಗುಣಮಟ್ಟ ಕೆಡಿಸದೆ ಎಂಪಿ4 ಮಾಡಿಕೊಡುತ್ತದೆ. ಒಬಿಎಸ್ 30.2ರಿಂದ 'ಹೈಬ್ರಿಡ್ ಎಂಪಿ4' ಎಂಬುದೂ ಬಂದಿದೆ, ಅದಕ್ಕೂ ಈ ಭಯ ಇಲ್ಲ.

## ಇಷ್ಟಾದರೂ ಬಗೆಹರಿಯದಿದ್ದರೆ

ಬೇರೆಯವರ ಸಹಾಯ ಕೇಳುವಾಗ ಪರದೆಯ ಫೋಟೋ ಕಳುಹಿಸುವುದಕ್ಕಿಂತ ಒಬಿಎಸ್‌ನ ಲಾಗ್ ಕಳುಹಿಸಿ. ಎರಡು ನಿಮಿಷ ರೆಕಾರ್ಡ್ ಮಾಡಿ ನಿಲ್ಲಿಸಿದ ಮೇಲೆ ಹೆಲ್ಪ್ ಮೆನುವಿನ 'ಲಾಗ್ ಫೈಲ್ಸ್' ಅಡಿಯಲ್ಲಿ ಅದು ಸಿಗುತ್ತದೆ. ಯಾವ ಪ್ರೊಸೆಸರ್, ಯಾವ ಕಾರ್ಡ್, ಯಾವ ಎನ್‌ಕೋಡರ್, ಎಷ್ಟು ಫ್ರೇಮ್ ಎಲ್ಲಿ ಕಳೆಯಿತು, ಗೇಮ್ ಮೋಡ್ ಇತ್ತೇ ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ತಿಳಿದವರು ಅದನ್ನು ಓದಿ ಐದು ನಿಮಿಷದಲ್ಲಿ ಉತ್ತರ ಹೇಳಬಲ್ಲರು.

ದುಡ್ಡು ಖರ್ಚು ಮಾಡಲೇಬೇಕು ಎಂದಾದರೆ ನನ್ನ ಅನುಕ್ರಮ ಹೀಗಿದೆ: ಒಂದೇ ಕಡ್ಡಿ ಇದ್ದರೆ ಅದರ ಜೋಡಿ ರ‍್ಯಾಮ್, ಹಾರ್ಡ್‌ಡಿಸ್ಕಿನಲ್ಲೇ ವಿಂಡೋಸ್ ಇದ್ದರೆ ಒಂದು ಎಸ್‌ಎಸ್‌ಡಿ, ಬೇಸಿಗೆಯ ಕಾಯಿಲೆಯಾದರೆ ಒಳ್ಳೆಯ ಕೂಲರ್ ಮತ್ತು ಪೆಟ್ಟಿಗೆಗೆ ಇನ್ನೆರಡು ಫ್ಯಾನ್. ಗ್ರಾಫಿಕ್ಸ್ ಕಾರ್ಡ್ ಕೊನೆಗೆ. ಅದನ್ನು ಕೊಳ್ಳುವಾಗಲೂ ಮಾದರಿಯ ಹೆಸರು ಹೇಳಿ "ಇದರಲ್ಲಿ ಹಾರ್ಡ್‌ವೇರ್ ಎನ್‌ಕೋಡರ್ ಇದೆಯೇ?" ಎಂದು ಅಂಗಡಿಯವರನ್ನು ಕೇಳಿ. ಉತ್ತರ ತಡವರಿಸಿದರೆ ಅದೇ ಅಂಗಡಿಯ ಕಂಪ್ಯೂಟರಿಗೆ ಕಾರ್ಡ್ ಹಾಕಿಸಿ, ಒಬಿಎಸ್ ತೆರೆಸಿ, ಎನ್‌ಕೋಡರ್ ಪಟ್ಟಿಯಲ್ಲಿ ಹೆಸರು ಕಂಡ ಮೇಲೆಯೇ ಹಣ ಕೊಡಿ.